ಉಗಿ ಇಂಜಿನ್ ನೋಡೋಕೆ ಬಾಗಲಕೋಟೆಯಿಂದ ಹೊರಟರೆ

ಹೋದ ವರ್ಷ ಮಾಡಿದ ತಪ್ಪಿನಿಂದಲೇ ಶುರು ಮಾಡ್ತೀನಿ. ನೀಲಗಿರಿ ರೈಲಿನ ಟಿಕೆಟ್ ತೆಗೆಸೋಕೆ ಒಬ್ಬ ಏಜೆಂಟರಿಗೆ ಹೇಳಿದ್ದೆ. ಅವರು ಕೂನೂರಿನಿಂದ ಊಟಿಗೆ ತೆಗೆಸಿ ಕೊಟ್ಟರು. ಟಿಕೆಟ್ ಕೈಗೆ ಬಂದಾಗ ನಾನೂ ಸರಿಯಾಗಿ ನೋಡಲಿಲ್ಲ. ಕೂನೂರು ಸ್ಟೇಷನ್ನಿನಲ್ಲಿ ನಮ್ಮ ಕಾಕಾ ಖುಷಿಯಿಂದ ಇಂಜಿನ್ ಕಡೆ ನಡೆದವರು ಅರ್ಧ ದಾರಿಯಲ್ಲೇ ನಿಂತುಬಿಟ್ಟರು.

"ಏ ತಮ್ಮಾ, ಇದು ಡೀಸೆಲ್ ಐತಲ್ಲೋ!"

ಕಾಕಾ ಗದಗ ಲೋಕೋ ಶೆಡ್ಡಿನಲ್ಲಿ ಫೈರ್‌ಮನ್ ಆಗಿದ್ದವರು. ನಮ್ಮ ಕಡೆ ಹಳಿ ಮೀಟರ್ ಗೇಜ್, ಅಂದ್ರೆ ಬರೀ ಒಂದು ಮೀಟರ್ ಅಗಲ ಇದ್ದ ಕಾಲದಲ್ಲಿ ಗದಗ, ಬಾಗಲಕೋಟೆ, ವಿಜಯಪುರ ಅಂತ ಕಲ್ಲಿದ್ದಲು ಎಸೆದು ಗಾಡಿ ಓಡಿಸಿದವರು. ಅವರನ್ನು ಅಷ್ಟು ದೂರ ಕರ್ಕೊಂಡು ಹೋಗಿ ಡೀಸೆಲ್ ತೋರಿಸಿದ್ದೆ. ಊಟಿ ತನಕ ಅವರು ನನ್ನ ಜೊತೆ ಮಾತಾಡಲಿಲ್ಲ.

ಆದ್ದರಿಂದ ಇದೊಂದನ್ನು ಬರೆದಿಟ್ಟುಕೊಳ್ಳಿ. ಗುಡ್ಡದ ಬುಡದಲ್ಲಿರೋ ಮೆಟ್ಟುಪಾಳಯಂನಿಂದ ಊಟಿ 46 ಕಿಲೋಮೀಟರ್. ಉಗಿ ಇಂಜಿನ್ ಇರೋದು ಮೆಟ್ಟುಪಾಳಯಂನಿಂದ ಕೂನೂರಿನ ತನಕ ಮಾತ್ರ, ಸುಮಾರು 27 ಕಿಲೋಮೀಟರ್. ಅಲ್ಲಿಂದ ಮುಂದೆ ಡೀಸೆಲ್. ಟಿಕೆಟ್ಟನ್ನು ನೀವೇ ತೆಗೆಯಿರಿ. ಊಟಿ ಅಂತ ಹುಡುಕಿದರೆ ಕೆಲವೊಮ್ಮೆ ಸಿಗಲ್ಲ, ಉದಗಮಂಡಲಂ ಅಂತ ಟೈಪ್ ಮಾಡಬೇಕು. ಅರವತ್ತು ದಿನ ಮುಂಚೆ ಬುಕಿಂಗ್ ತೆರೆಯುತ್ತೆ. ಅವತ್ತೇ ಬೆಳಿಗ್ಗೆ ಕೂತುಬಿಡಿ. ಸಂಜೆ ನೋಡಿದರಾಯ್ತು ಅಂದ್ರೆ ಆಗಲೇ ವೇಟಿಂಗ್ ಲಿಸ್ಟ್ ಬಂದಿರುತ್ತೆ. ಎರಡು ಸಲ ಪೆಟ್ಟು ತಿಂದು ಹೇಳ್ತಿದೀನಿ.

ಈ ಸಲ ಮೂರು ಜನ ಹೊರಟೆವು. ನಾನು, ಕಾಕಾ, ಬೆಳಗಾವಿಯ ಒಬ್ಬ ಗೆಳೆಯ. ಈ ಗೆಳೆಯನಿಗೆ ಇಂಜಿನ್ ಹುಚ್ಚು. ಆದರೆ ಅವನದ್ದು ಬೇರೆ ಥರದ ಹುಚ್ಚು. ಹೆಸರಿರೋ ಇಂಜಿನ್ನೇ ಬೇಕು ಅವನಿಗೆ. ಯಾವುದು ಎಷ್ಟು ಸ್ಪೀಡ್ ಓಡಿತು, ಯಾವುದು ಯಾವ ಸಿನಿಮಾದಲ್ಲಿ ಬಂತು, ಎಲ್ಲಾ ಬಾಯಿಪಾಠ.

ಬೆಳಿಗ್ಗೆ ಬಾಗಲಕೋಟೆಯಿಂದ ಬಸ್ ಹಿಡಿದು ಕುಳಗೇರಿ ಕ್ರಾಸ್, ನರಗುಂದ, ನವಲಗುಂದ ದಾಟಿ ಹುಬ್ಬಳ್ಳಿಗೆ ಬಂದೆವು. ಅವನು ಬೆಳಗಾವಿಯಿಂದ ನೇರ ಅಲ್ಲಿಗೇ ಬಂದ. ಮೈಸೂರಿಗೆ ಹೋಗೋ ಗೋಲಗುಂಬಜ್ ಎಕ್ಸ್‌ಪ್ರೆಸ್ ಬಾಗಲಕೋಟೆಯಲ್ಲೇ ಹತ್ತಬಹುದಿತ್ತು. ಆದರೆ ಹಗಲಲ್ಲಿ ಹುಬ್ಬಳ್ಳಿ ರೈಲ್ವೆ ಮ್ಯೂಸಿಯಂ ನೋಡಿಕೊಂಡು ರಾತ್ರಿ ಅದೇ ಗಾಡಿಯನ್ನು ಹುಬ್ಬಳ್ಳಿಯಲ್ಲಿ ಹತ್ತೋದು ಜಾಣತನ. ವಿಜಯಪುರದವರಿಗೂ ಇದನ್ನೇ ಹೇಳ್ತೀನಿ.

ಮ್ಯೂಸಿಯಂ ಗದಗ ರಸ್ತೆ ಕಡೆ ಇದೆ. ತೆರೆದದ್ದು 2020ರಲ್ಲಿ. ಸೋಮವಾರ ರಜೆ, ಅವತ್ತು ಹೋಗಬೇಡಿ. ಒಳಗೆ ಹಳೇ ಕಾಲದ ಎರಡು ಕಾಟೇಜುಗಳಿವೆ. ಅವುಗಳ ಹೆಸರು ಮಲಪ್ರಭಾ, ಘಟಪ್ರಭಾ. ನಮ್ಮ ಜಿಲ್ಲೆಯ ಎರಡು ಹೊಳೆಗಳ ಹೆಸರು ಹುಬ್ಬಳ್ಳಿಯ ಬಾಗಿಲ ಮೇಲೆ ನೋಡಿ ಕಾಕಾನಿಗೆ ಖುಷಿಯೋ ಖುಷಿ. ದೀಪ, ಗಂಟೆ, ಹಳೇ ಟಿಕೆಟ್ ಇವೆಲ್ಲಾ ಒಂದು ತಾಸಿನಲ್ಲಿ ನೋಡಿ ಮುಗಿಯುತ್ತೆ. ಕಾಕಾ ಜೊತೆಗಿದ್ದರೆ ಮೂರು ತಾಸು ಬೇಕು. ಒಂದೊಂದು ಕೈದೀಪದ ಮುಂದೆ ಒಂದೊಂದು ಕಥೆ. ನಿಮ್ಮ ಮನೆಯಲ್ಲೂ ರೈಲ್ವೆಯಲ್ಲಿದ್ದ ಹಿರಿಯರಿದ್ದರೆ ಬಿಟ್ಟು ಹೋಗಬೇಡಿ. ಬರೆದಿಟ್ಟ ಬೋರ್ಡಿಗಿಂತ ಅವರು ಜಾಸ್ತಿ ಹೇಳ್ತಾರೆ.

ರಾತ್ರಿ ಗಾಡಿಗೆ ತುಂಬಾ ಹೊತ್ತಿತ್ತು. ಹುಬ್ಬಳ್ಳಿಯಲ್ಲಿ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಇದೆ, ಜಗತ್ತಿನಲ್ಲೇ ಉದ್ದದ್ದು. ಊಟ ಆದಮೇಲೆ ಅದರ ಈ ತುದಿಯಿಂದ ಆ ತುದಿಗೆ ನಡೆದೆವು. ಜಗಳ ಹತ್ತಿದ್ದು ಅಲ್ಲೇ.

ಗೆಳೆಯ ಮೊಬೈಲಿನಲ್ಲಿ ಇಂಗ್ಲೆಂಡಿನ ಫ್ಲೈಯಿಂಗ್ ಸ್ಕಾಟ್ಸ್‌ಮನ್ ತೋರಿಸಿದ. 1923ರಲ್ಲಿ ಡಾಂಕಾಸ್ಟರಿನಲ್ಲಿ ಕಟ್ಟಿದ ಇಂಜಿನ್. 1934ರಲ್ಲಿ ಗಂಟೆಗೆ ನೂರು ಮೈಲಿ, ಅಂದ್ರೆ 160 ಕಿಲೋಮೀಟರ್ ಓಡಿತ್ತು. ಅದನ್ನು ಸರಿಯಾಗಿ ಅಳೆದು ದಾಖಲೆ ಮಾಡಿದ್ದಾರೆ. 2004ರಲ್ಲಿ ಅಲ್ಲಿನ ರಾಷ್ಟ್ರೀಯ ರೈಲ್ವೆ ಮ್ಯೂಸಿಯಂ 23 ಲಕ್ಷ ಪೌಂಡ್ ಕೊಟ್ಟು ಕೊಂಡಿತು. ರಿಪೇರಿಗೆ ಮತ್ತೆ 40 ಲಕ್ಷ ಪೌಂಡಿಗೂ ಜಾಸ್ತಿ ಹೋಯ್ತು. 2016ರಲ್ಲಿ ಮತ್ತೆ ಹಳಿಗೆ ಬಂದಾಗ ನೋಡೋಕೆ ಬಂದ ಜನ ಹಳಿ ಮೇಲೇ ಇಳಿದು ಗಾಡಿ ತಡ ಆಯ್ತು.

"ಅಷ್ಟ್ ರೊಕ್ಕದಾಗ ಎಷ್ಟ್ ಇಂಜಿನ್ ರಿಪೇರಿ ಆಗ್ತಿದ್ವು?" ಅಂತ ಕಾಕಾ ಕೇಳಿದರು.

ಈ ಪ್ರಶ್ನೆಯನ್ನು ಇಂಗ್ಲೆಂಡಿನ ಇಂಜಿನ್ ಪ್ರೇಮಿಗಳೂ ಕೇಳ್ತಾರೆ. ಒಂದೇ ಇಂಜಿನ್ನಿಗೆ ಎಲ್ಲಾ ಹೆಸರು, ಎಲ್ಲಾ ದುಡ್ಡು. ಅದು ಬಂದ ದಿನ ಜಾತ್ರೆ, ಮಾರನೇ ದಿನ ಅದೇ ಹಳಿ ಖಾಲಿ. ಮೇಲಾಗಿ ಫ್ಲೈಯಿಂಗ್ ಸ್ಕಾಟ್ಸ್‌ಮನ್ ಅನ್ನೋದು ಮೊದಲು ಲಂಡನ್–ಎಡಿನ್‌ಬರೋ ಗಾಡಿಯ ಹೆಸರು. ಇಂಜಿನ್ನಿಗೆ ಆ ಹೆಸರು ಬಂದದ್ದು ಆಮೇಲೆ. ಎಷ್ಟೋ ಜನ ಎರಡೂ ಒಂದೇ ಅಂದ್ಕೊಂಡಿದ್ದಾರೆ. ಗೆಳೆಯ ಬಿಡಲಿಲ್ಲ. "ಹಂಗಲ್ರಿ ಕಾಕಾ, ಆ ಒಂದ್ ಇಂಜಿನ್ ನೋಡಾಕ ಬಂದ ಮಂದಿ ಟಿಕೆಟ್ ರೊಕ್ಕದಾಗ ಉಳಿದಾವೂ ಬದಕ್ತಾವ" ಅಂದ. ಅದೂ ಸುಳ್ಳಲ್ಲ. ಹೆಸರು ಕೇಳಿ ಬಂದ ಮಕ್ಕಳೇ ಮುಂದೆ ಬೋಲ್ಟು ನಟ್ಟು ಹಿಡಿಯೋರು.

ನಮ್ಮ ದೇಶದಲ್ಲೂ ಇದೇ ಕಥೆ. ಫೇರಿ ಕ್ವೀನ್ ಎಲ್ಲರಿಗೂ ಗೊತ್ತು. 1855ರಲ್ಲಿ ಲೀಡ್ಸಿನಲ್ಲಿ ಕಟ್ಟಿದ್ದು. ಓಡುವ ಇಂಜಿನ್‌ಗಳಲ್ಲೇ ಹಳೆಯದು ಅಂತ 1998ರಲ್ಲಿ ಗಿನ್ನೆಸ್ ದಾಖಲೆಗೆ ಸೇರಿತು. 1855ರಲ್ಲೇ, ಅದೇ ಕಂಪನಿ ಕಟ್ಟಿದ ಇನ್ನೊಂದು ಇಂಜಿನ್ ಇದೆ. ಅದನ್ನು ಇಐಆರ್ 21 ಅಂತಾರೆ, ಅಂದ್ರೆ ಈಸ್ಟ್ ಇಂಡಿಯನ್ ರೈಲ್ವೆಯ 21ನೇ ನಂಬರು. ಅದರ ಹೆಸರು ಎಷ್ಟು ಜನರಿಗೆ ಗೊತ್ತು? ಅಕ್ಕ ಹೋಗಿ ರಾಣಿಯಾದಳು, ತಂಗಿ ಜನರ ಬಾಯಲ್ಲಿ ಬರೀ ನಂಬರು. ಇನ್ನು ಹರಿಯಾಣದ ರೇವಾಡಿ ಶೆಡ್ಡಿನ ಅಕ್ಬರ್ ಅನ್ನೋ ಇಂಜಿನ್. ಡಬ್ಲ್ಯೂಪಿ 7161, ಚಿತ್ತರಂಜನ್ ಕಾರ್ಖಾನೆಯಲ್ಲಿ 1965ರಲ್ಲಿ ಕಟ್ಟಿದ್ದು. ಹಿಂದಿ ಸಿನಿಮಾಗಳಲ್ಲಿ ಕಾಣಿಸಿಕೊಂಡು ಹೆಸರಾಯ್ತು. ಮೂತಿ ಮುಂದೆ ದುಂಡಗೆ ಗೋಪುರದ ಹಾಗಿದೆ, ನೋಡೋಕೆ ಚೆಂದ, ಅದನ್ನು ಕಾಕಾನೂ ಒಪ್ಪಿದರು. ಆದರೆ ಕಾಕಾ ದುಡಿದ ವೈಪಿ ಇಂಜಿನ್? ಮೀಟರ್ ಗೇಜಿನ ಪ್ಯಾಸೆಂಜರ್ ಗಾಡಿಗೆ ಅಂತ ಎಂಟುನೂರಕ್ಕೂ ಜಾಸ್ತಿ ವೈಪಿ ಕಟ್ಟಿದ್ದರು. ನಮ್ಮ ಅಜ್ಜಿ, ಅತ್ತಿ ಎಲ್ಲಾ ಅದರ ಹಿಂದೆ ಕೂತೇ ಬಾದಾಮಿ ಬನಶಂಕರಿ ಜಾತ್ರೆಗೆ ಹೋದವರು. ಅದಕ್ಕೆ ಯಾರೂ ಹೆಸರಿಡಲಿಲ್ಲ.

ಗಾಡಿ ಬಂದಾಗ ನಾವು ತಪ್ಪು ತುದಿಯಲ್ಲಿದ್ದೆವು. ಬ್ಯಾಗ್ ಹೊತ್ತು ಓಡಿದ್ದೇ ಓಡಿದ್ದು. ಕೋಚ್ ಎಲ್ಲಿ ನಿಲ್ಲುತ್ತೆ ಅಂತ ಮೊದಲೇ ನೋಡಿಕೊಳ್ಳಿ.

ಮೈಸೂರಿನ ಬಗ್ಗೆ ಜಾಸ್ತಿ ಬರೆಯಲ್ಲ. ರೈಲ್ವೆ ಮ್ಯೂಸಿಯಂ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ಹತ್ತಿರ. 1979ರದ್ದು. ಮಹಾರಾಣಿಯ ಸಲೂನ್ ಬೋಗಿ ಮುಂದೆ ಎಲ್ಲರೂ ಫೋಟೋ ತೆಗೆಸ್ಕೋತಾರೆ. ನೀವು ಇಎಸ್ 506 ಇಂಜಿನ್ನಿನ ಹತ್ತಿರ ಹೋಗಿ ನಿಲ್ಲಿ. ಕಾಕಾ ಅದರ ಫೈರ್‌ಬಾಕ್ಸಿನ ಬಾಗಿಲ ಎತ್ತರಕ್ಕೆ ಸೊಂಟ ಬಗ್ಗಿಸಿ ನಿಂತು, ಇಲ್ಲದ ಸಲಿಕೆ ಹಿಡಿದು ತೋರಿಸಿದರು. ಮೂಲೆಗೆ ಜಾಸ್ತಿ, ನಡುವೆ ತೆಳ್ಳಗೆ. ಬೆಂಕಿ ತಟ್ಟೆಯ ಹಾಗೆ ಹರಡಬೇಕಂತೆ. ಒಂದೇ ಕಡೆ ಗುಡ್ಡೆ ಹಾಕಿದರೆ ಹೊಗೆ ಬರುತ್ತೆ, ಉಗಿ ಬರಲ್ಲ.

ಮೈಸೂರಿನಿಂದ ಊಟಿಗೆ ಸರ್ಕಾರಿ ಬಸ್ಸಲ್ಲೇ ಹೋಗಿ. ಸ್ವಂತ ಕಾರಾದರೆ ಮೊದಲೇ ಆನ್‌ಲೈನಿನಲ್ಲಿ ಇ-ಪಾಸ್ ತಗೋಬೇಕು. ಬಂಡೀಪುರದಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರ ತನಕ ವಾಹನ ಬಿಡಲ್ಲ, ಲೆಕ್ಕ ಹಾಕಿ ಹೊರಡಿ. ನೀರಿಗೆ ಸ್ಟೀಲ್ ಬಾಟಲ್ ಇಟ್ಕೊಳ್ಳಿ. ನೀಲಗಿರಿಯಲ್ಲಿ ಪ್ಲಾಸ್ಟಿಕ್ ಬಾಟಲ್ ಕಂಡರೆ ದಂಡ.

ಊಟಿಯಲ್ಲಿ ಉಳಿಯಬೇಡಿ, ಅದೇ ದಿನ ಬಸ್ಸಲ್ಲಿ ಮೆಟ್ಟುಪಾಳಯಂಗೆ ಇಳಿದುಬಿಡಿ. ಇಳಿಯುವಾಗಿನ ರೈಲಿಗೂ ಏರುವಾಗಿನ ರೈಲಿಗೂ ಅಜಗಜಾಂತರ. ಇಳಿಯುವಾಗ ಇಂಜಿನ್ ಬ್ರೇಕ್ ಹಿಡಿದುಕೊಂಡು ಬರುತ್ತೆ. ಏರುವಾಗ ಮೈಮುರಿದು ದುಡಿಯುತ್ತೆ. ನಿಮಗೆ ಬೇಕಾದ್ದು ಆ ದುಡಿಮೆ. ಬೆಳಿಗ್ಗೆ ಏಳರ ಸುಮಾರಿಗೆ ಗಾಡಿ ಬಿಡುತ್ತೆ. ಆರಕ್ಕೇ ಸ್ಟೇಷನ್ನಿನಲ್ಲಿರಿ.

ಒಂದು ಗುಟ್ಟು ಹೇಳ್ತೀನಿ. ಇಲ್ಲಿ ಇಂಜಿನ್ ಮುಂದೆ ಇರಲ್ಲ, ಹಿಂದಿನಿಂದ ದೂಡುತ್ತೆ. ನೋಟ ಬೇಕು ಅಂದ್ರೆ ಮೊದಲ ಬೋಗಿ. ಇಂಜಿನ್ನಿನ ಸದ್ದು ಬೇಕು ಅಂದ್ರೆ ಕೊನೇ ಬೋಗಿ. ಕಾಕಾ ಕೊನೇ ಬೋಗಿಯಲ್ಲಿ ಹಿಂದಿನ ಕಿಟಕಿಗೆ ಬೆನ್ನು ಕೊಟ್ಟು ಕೂತರು. ನೋಡೋಕೆ ಅಲ್ಲ, ಕೇಳೋಕೆ.

ಕಲ್ಲಾರ್ ತನಕ ಸಪಾಟು, ಅಡಿಕೆ ತೋಟ. ಅಲ್ಲಿ ಗಾಡಿ ತೀರಾ ನಿಧಾನ ಆಯ್ತು. ಕೆಳಗೆ ಕಟ್ ಅಂತ ಏನೋ ಕಚ್ಚಿಕೊಂಡ ಸದ್ದು. ಎರಡು ಹಳಿಗಳ ನಡುವೆ ಗರಗಸದ ಹಾಗೆ ಹಲ್ಲಿರುವ ಪಟ್ಟಿಗಳು, ಎರಡು ಸಾಲು. ಒಂದರ ಹಲ್ಲು ಇರುವಲ್ಲಿ ಇನ್ನೊಂದರ ಸಂದು. ಇಂಜಿನ್ನಿನ ಹಲ್ಲಿನ ಚಕ್ರ ಅದರೊಳಗೆ ಕೂತು ಹತ್ತುತ್ತೆ. ಹನ್ನೆರಡೂವರೆ ಅಡಿ ಮುಂದೆ ಹೋದರೆ ಒಂದಡಿ ಮೇಲೆ, ಅಷ್ಟು ಏರು. ನಮ್ಮ ಕಡೆಯ ಸಪಾಟು ಹೊಲದ ಲೆಕ್ಕದಲ್ಲಿ ಇದು ಗೋಡೆ ಹತ್ತಿದ ಹಾಗೆ.

ಈ ಇಂಜಿನ್‌ಗಳಿಗೆ ಎಕ್ಸ್ ಕ್ಲಾಸ್ ಅಂತಾರೆ. ಮೊದಲಿನವು ಸ್ವಿಟ್ಜರ್ಲೆಂಡಿನ ವಿಂಟರ್‌ಥೂರಿನಲ್ಲಿ ಕಟ್ಟಿದವು. ಆಮೇಲಿನ ಕೆಲವು ತಿರುಚಿರಾಪಳ್ಳಿಯ ಪೊನ್ಮಲೈ ವರ್ಕ್‌ಶಾಪಿನವು, ಎಣ್ಣೆಯಿಂದ ಉರಿಯೋವು. ಸಿಲಿಂಡರ್ ಎರಡು ಜೋಡಿ. ಒಂದು ಜೋಡಿಯಲ್ಲಿ ಗಾಲಿ ತಿರುಗಿಸಿದ ಉಗಿಯನ್ನೇ ಹೊರಗೆ ಬಿಡದೆ ಇನ್ನೊಂದು ಜೋಡಿಗೆ ಕಳಿಸಿ ಹಲ್ಲಿನ ಚಕ್ರ ತಿರುಗಿಸ್ತಾರೆ. ಇದನ್ನು ನಾನು ಓದಿ ತಿಳಿದಿದ್ದೆ. ಕಾಕಾ ಕಣ್ಣು ಮುಚ್ಚಿಕೊಂಡೇ ಹಿಡಿದರು. "ಈಗ ಎರಡನೇದೂ ಹತ್ತು ನೋಡು" ಅಂದರು. ನಿಜ, ಅಲ್ಲಿ ತನಕ ಒಂದೇ ಲಯದಲ್ಲಿದ್ದ ಸದ್ದು ಎರಡಾಗಿತ್ತು. ರೊಟ್ಟಿ ಬಡಿಯೋ ಇಬ್ಬರು ಹೆಣ್ಣುಮಕ್ಕಳು ಅಕ್ಕಪಕ್ಕ ಕೂತ ಹಾಗೆ.

ಪ್ರತಿ ಬೋಗಿಯ ಮುಂದೆ ಒಬ್ಬ ಬ್ರೇಕ್‌ಮನ್ ನಿಂತಿರ್ತಾರೆ, ಕೈಯಲ್ಲಿ ಬಾವುಟ. ಮುಂದಿನವರು ತೋರಿಸಿದ್ದನ್ನು ಹಿಂದಿನವರು ತೋರಿಸ್ತಾ ಡ್ರೈವರ್ ತನಕ ಮುಟ್ಟಿಸ್ತಾರೆ. ಹಿಂದೆ ಇರೋ ಡ್ರೈವರಿಗೆ ಮುಂದಿನ ದಾರಿ ಕಾಣೋದು ಈ ಬಾವುಟಗಳಲ್ಲೇ.

ಹಿಲ್‌ಗ್ರೋವ್‌ನಲ್ಲಿ ನೀರು ತುಂಬೋಕೆ ನಿಲ್ಲಿಸ್ತಾರೆ. ಎಲ್ಲರೂ ಇಳಿದು ಇಂಜಿನ್ ಹತ್ತಿರ ಹೋಗ್ತಾರೆ. ನೀವೂ ಹೋಗಿ, ಆದರೆ ತಿಂಡಿ ಸೀಟಿನ ಮೇಲೆ ಬಿಟ್ಟು ಹೋಗಬೇಡಿ. ನಮ್ಮ ಅಮೀನಗಡ ಕರದಂಟಿನ ಡಬ್ಬಿಯನ್ನು ಒಂದು ಕೋತಿ ಎತ್ತಿಕೊಂಡು ಹೋಯ್ತು. ಛಾವಣಿ ಮೇಲೆ ಕೂತು ಮುಚ್ಚಳ ತೆಗೆದು ತುಂಬಾ ಗಂಭೀರವಾಗಿ ತಿಂತು. ಕಾಕಾ ಅತ್ತ ತಿರುಗಿಯೂ ನೋಡಲಿಲ್ಲ. ಫೈರ್‌ಮನ್ ಜೊತೆ ಮಾತಿಗಿಳಿದಿದ್ದರು. ಇವರಿಗೆ ತಮಿಳು ಬರಲ್ಲ, ಅವರಿಗೆ ಕನ್ನಡ ಬರಲ್ಲ. ಗೇಜ್ ಗ್ಲಾಸ್, ಇಂಜೆಕ್ಟರ್, ಪ್ರೆಷರ್ ಅನ್ನೋ ಮೂರು ಪದದಲ್ಲೇ ಹತ್ತು ನಿಮಿಷ ಮಾತಾಯ್ತು. ಕೊನೆಗೆ ಆ ಹುಡುಗ ಹತ್ತಿಬಟ್ಟೆಯಲ್ಲಿ ಕೈ ಒರೆಸಿಕೊಂಡು ಕಾಕಾನ ಕೈ ಹಿಡಿದ.

ವಾಪಸ್ ಬಂದು ಕೂತು ಕಾಕಾ ಹೇಳಿದ್ದು ಒಂದೇ ಮಾತು. "ಎಣ್ಣಿ ಇಂಜಿನ್ನಿಗೆ ಸಲಿಕಿ ಬ್ಯಾಡ. ಆದ್ರ ಕಣ್ಣು ಬೇಕ, ಅದ ಕೆಲಸ."

ನೀವು ಹೋಗೋದಾದರೆ ಜನವರಿಯಿಂದ ಏಪ್ರಿಲ್ ಒಳ್ಳೆಯದು. ಅಕ್ಟೋಬರಿನಿಂದ ಡಿಸೆಂಬರಿನ ಮಳೆಯಲ್ಲಿ ಗುಡ್ಡ ಕುಸಿದು ಹಳಿ ಮೇಲೆ ಬೀಳುತ್ತೆ, ಗಾಡಿ ದಿನಗಟ್ಟಲೆ ರದ್ದಾಗುತ್ತೆ. ಮೇ ತಿಂಗಳಲ್ಲಿ ಜನವೋ ಜನ. ಮೆಟ್ಟುಪಾಳಯಂನಲ್ಲಿ ಬೆವರುತ್ತೆ, ಊಟಿ 2,200 ಮೀಟರ್ ಎತ್ತರ. ಹಿರಿಯರಿದ್ದರೆ ಸ್ವೆಟರ್ ಕೈಗೆ ಸಿಗುವಂತಿರಲಿ, ಬ್ಯಾಗಿನ ತಳಕ್ಕೆ ಹಾಕಬೇಡಿ. ಸೀಟು ಇಕ್ಕಟ್ಟು, ಮೊಣಕಾಲು ಎದುರಿನವರಿಗೆ ತಾಗುತ್ತೆ. ವಾಪಸ್ಸಿಗೆ ಕೊಯಮತ್ತೂರು, ಬೆಂಗಳೂರು, ಅಲ್ಲಿಂದ ಮತ್ತೆ ಗೋಲಗುಂಬಜ್.

ನಾವು ಕೂನೂರಿನಲ್ಲೇ ಇಳಿದೆವು. ಡೀಸೆಲ್ ಬಂದು ಸೇರಿಕೊಳ್ಳೋದನ್ನು ನೋಡೋಕೂ ಕಾಕಾ ನಿಲ್ಲಲಿಲ್ಲ. ಪಕ್ಕದ ಲೋಕೋ ಶೆಡ್ಡಿನ ಬಾಗಿಲ ಕಡೆ ಹೋಗಿ ನಿಂತರು.

ಬೆಂಗಳೂರಿನಲ್ಲಿ ಚಹಾ ಕುಡಿಯುವಾಗ ಗೆಳೆಯ ಮತ್ತೆ ಅಕ್ಬರ್ ವಿಷಯ ತೆಗೆದ. ಅವನು ಒಮ್ಮೆ ಬೆಳಗಾವಿಯಿಂದ ಗೋವಾ ಎಕ್ಸ್‌ಪ್ರೆಸ್ಸಿನಲ್ಲಿ ದೆಹಲಿಗೆ, ಅಲ್ಲಿಂದ ರೇವಾಡಿಗೆ ಹೋಗಿ ಬಂದಿದ್ದಾನೆ. 1893ರ ಆ ಶೆಡ್ಡಿನಲ್ಲಿ ಅಕ್ಬರ್ ಅವತ್ತು ತಣ್ಣಗೆ ನಿಂತಿತ್ತು. ಬಾಯ್ಲರಿನಲ್ಲಿ ಬೆಂಕಿ ಇರಲಿಲ್ಲ. ಫೋಟೋ ತೆಗೆದು ವಾಪಸ್ ಬಂದಿದ್ದ. ಈಗ ಮತ್ತೆ ಹೋಗೋಣ ಅಂತಾನೆ. ಕಾಕಾ ಬೈತಾರೆ ಅಂದ್ಕೊಂಡೆ. ಅವರು ಚಹಾದ ಲೋಟ ಕೆಳಗಿಟ್ಟು, "ನಡೀ, ನಾನೂ ಬರ್ತೀನಿ. ಆದ್ರ ಟಿಕೆಟ್ ತಗಿಯೂಕಿಂತ ಮೊದ್ಲ ಫೋನ್ ಹಚ್ಚಿ ಕೇಳು, ಅವತ್ತ ಬೆಂಕಿ ಹಾಕ್ತಾರೇನಂತ" ಅಂದರು.