ಹರ್ಪಿಸ್ ಭಯಕ್ಕೆ ಮಾರನೇ ದಿನವೇ ರಕ್ತ ಕೊಡಬೇಡಿ

ಕಾಂಡೋಮ್ ಇಲ್ಲದೆ ಸೇರಿದ್ದಾಯಿತು, ಆಮೇಲೆ ಆ ಕಡೆಯವರಿಗೆ ಹರ್ಪಿಸ್ (ಬಾಯಲ್ಲೋ ಜನನಾಂಗದಲ್ಲೋ ಗುಳ್ಳೆ ಏಳಿಸುವ, ತಾಕಿ ಹರಡುವ ವೈರಸ್ ಸೋಂಕು) ಇದೆ ಅಂತ ಗೊತ್ತಾಯಿತು. ಇಂಥವರು ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಲ್ಯಾಬಿನ ಮುಂದೆ ನಿಂತಿರುತ್ತಾರೆ. ನಾನು ರಕ್ತ ತೆಗೆಯುವ ಕೆಲಸದಲ್ಲಿರುವವಳು, ಆ ಮುಖಗಳನ್ನು ನೋಡಿದರೆ ಸಂಕಟವಾಗುತ್ತದೆ. ಅವತ್ತು ರಕ್ತ ಕೊಟ್ಟರೆ ದುಡ್ಡು ಖರ್ಚು ಅಷ್ಟೇ.

ಯಾಕೆಂದರೆ ಹರ್ಪಿಸ್‌ಗೆ ಮಾಡುವ ರಕ್ತಪರೀಕ್ಷೆ, ಅಂದರೆ ಐಜಿಜಿ ಟೆಸ್ಟ್, ಹುಡುಕುವುದು ವೈರಸ್ಸನ್ನಲ್ಲ, ಅದರ ವಿರುದ್ಧ ನಮ್ಮ ಮೈ ತಯಾರಿಸುವ ಪ್ರತಿಕಾಯವನ್ನು. ಅದು ಟೆಸ್ಟಿಗೆ ಸಿಗುವಷ್ಟು ಆಗಲು 12 ವಾರ, ಕೆಲವರಿಗೆ 16 ವಾರ ಬೇಕು. ಅದಕ್ಕೂ ಮೊದಲು ಬಂದ ನೆಗೆಟಿವ್ ನಂಬುವಂತಿಲ್ಲ. ಮೂರನೇ ದಿನಕ್ಕೇ ನಿಜವಾದ ಪಾಸಿಟಿವ್ ಬಂದರೆ ಅದು ಹಳೆಯದು, ಮೊನ್ನೆಯದಲ್ಲ.

ಗುಳ್ಳೆ ಕಂಡರೆ ಮಾತ್ರ ಲೆಕ್ಕವೇ ಬೇರೆ. ಸಾಮಾನ್ಯವಾಗಿ 2ರಿಂದ 12 ದಿನದೊಳಗೆ ಉರಿ, ನೀರು ತುಂಬಿದ ಸಣ್ಣ ಗುಳ್ಳೆ, ತೊಡೆಸಂದಿಯಲ್ಲಿ ಗಂಟು ಕಾಣಿಸಬಹುದು. ಆಗ ಒಂದು ದಿನವೂ ಕಾಯಬೇಡಿ. ಡಾಕ್ಟರ್ ಹೊಸ ಗುಳ್ಳೆಯನ್ನು ಒಡೆದು, ಅದರ ಬುಡಕ್ಕೆ ಹತ್ತಿ ಕಡ್ಡಿ ಒತ್ತಿ ಉಜ್ಜುತ್ತಾರೆ. ಉರಿಯುತ್ತದೆ ನಿಜ, ಆದರೆ ಮೇಲಿಂದ ಸುಮ್ನೆ ಸವರಿದರೆ ವೈರಸ್ ಸಿಗುವುದಿಲ್ಲ. ಕಡ್ಡಿಯನ್ನು ದ್ರವ ಇರುವ ಟ್ಯೂಬಿಗೆ ಹಾಕಿ ಪಿಸಿಆರ್‌ಗೆ (ವೈರಸ್ಸನ್ನೇ ಹುಡುಕುವ ಟೆಸ್ಟಿಗೆ) ಕಳಿಸುತ್ತಾರೆ. ಗುಳ್ಳೆ ಎದ್ದ 48 ಗಂಟೆಯೊಳಗೆ ಆದರೆ ಒಳ್ಳೆಯದು, ಒಣಗಿ ಹಕ್ಕಳೆ ಕಟ್ಟಿದ ಮೇಲೆ ವೈರಸ್ ಸಿಗದೇ ಹೋಗಬಹುದು. ಈ ಕಡ್ಡಿ ಸ್ಯಾಂಪಲ್ (ಸ್ವ್ಯಾಬ್) ಕೊಡುವ ಮೊದಲೇ ಮೆಡಿಕಲ್ ಶಾಪಿನಿಂದ ಹರ್ಪಿಸ್ ಮಾತ್ರೆ ಎಸೈಕ್ಲೋವಿರ್ ತಂದು ನುಂಗಬೇಡಿ. ಕೊಟ್ಟ ಮೇಲೆ ರಿಪೋರ್ಟಿಗೆ ಕಾಯದೆ ಡಾಕ್ಟರೇ ಮಾತ್ರೆ ಶುರು ಮಾಡಬಹುದು.

ಐಜಿಎಂ ಅಂತ ಇನ್ನೊಂದು ಬಗೆಯ ಪ್ರತಿಕಾಯ ಹುಡುಕುವ ರಕ್ತಪರೀಕ್ಷೆ ಇದೆ, ಲ್ಯಾಬಿನ ಪ್ಯಾಕೇಜಿನಲ್ಲಿ ಸೇರಿಸಿರುತ್ತಾರೆ. ದಯವಿಟ್ಟು ಬೇಡ. ಬೇರೆ ವೈರಸ್ಸಿಗೂ ಪಾಸಿಟಿವ್ ತೋರಿಸುತ್ತದೆ, ಹಳೆಯ ಸೋಂಕು ಮರುಕಳಿಸಿದಾಗಲೂ ತೋರಿಸುತ್ತದೆ. ಇದೊಂದು ಕಾಗದ ಹಿಡಿದು ಗಂಡ ಹೆಂಡತಿ ಮಧ್ಯೆ ಜಗಳ ಆಗಿದ್ದು ಕಂಡಿದ್ದೇನೆ. ಹರ್ಪಿಸ್ ವೈರಸ್ಸಿನಲ್ಲಿ ಎರಡು ಬಗೆ: ಟೈಪ್ 1 ಹೆಚ್ಚಾಗಿ ಬಾಯಲ್ಲಿ, ಟೈಪ್ 2 ಹೆಚ್ಚಾಗಿ ಜನನಾಂಗದಲ್ಲಿ. ರಿಪೋರ್ಟಿನಲ್ಲಿ ಟೈಪ್ 2 ಐಜಿಜಿ ಸೂಚ್ಯಂಕ ಕೂಡ 1.1ರಿಂದ 3ರ ಒಳಗಿದ್ದರೆ ಸುಳ್ಳು ಪಾಸಿಟಿವ್ ಇರುವ ಸಾಧ್ಯತೆ ಜಾಸ್ತಿ, ಇನ್ನೊಂದು ವಿಧಾನದಲ್ಲಿ ಖಚಿತ ಮಾಡಿಸಿಕೊಳ್ಳದೆ ಯಾರ ಮೇಲೂ ಅನುಮಾನ ಪಡಬೇಡಿ. ಟೈಪ್ 1 ಬಂತು ಅಂದರೆ ಅದು ಬಾಯಲ್ಲಿದೆಯೋ ಕೆಳಗಿದೆಯೋ ರಕ್ತ ಹೇಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 50 ವರ್ಷದೊಳಗಿನವರಲ್ಲಿ ಸುಮಾರು 64% ಜನಕ್ಕೆ ಅದು ಇದೆ, ಎಷ್ಟೋ ಜನಕ್ಕೆ ಚಿಕ್ಕಂದಿನಲ್ಲೇ ಬಂದಿರುತ್ತದೆ.

ಗರ್ಭಿಣಿಯಾಗಿದ್ದರೆ ಈ ಯಾವ ಕಾಯುವಿಕೆಯೂ ಬೇಡ, ಇವತ್ತೇ ನಿಮ್ಮ ಡಾಕ್ಟರಿಗೆ ಹೇಳಿ. ಕೊನೆಯ ತಿಂಗಳುಗಳಲ್ಲಿ ಹೊಸದಾಗಿ ತಗುಲಿದರೆ ಹೆರಿಗೆಯಲ್ಲಿ ಮಗುವಿಗೆ ಅಪಾಯ.

ಇನ್ನೊಂದು ವಿಷಯ, ಹರ್ಪಿಸ್ ಚಿಂತೆಯಲ್ಲಿ ಜನ ಮರೆಯುವಂಥದ್ದು. ಎಚ್‌ಐವಿ ಅಪಾಯವೂ ಇತ್ತು ಅನ್ನಿಸಿದರೆ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು, ಅದಕ್ಕೆ ಅವತ್ತೇ ಓಡಿ. ಜಿಲ್ಲಾ ಆಸ್ಪತ್ರೆಗಳಲ್ಲಿ ಲೈಂಗಿಕ ಸೋಂಕುಗಳಿಗೆಂದೇ ಸುರಕ್ಷಾ ಕ್ಲಿನಿಕ್ ಇರುತ್ತದೆ, ದುಡ್ಡು ಕೇಳುವುದಿಲ್ಲ. ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗದಿದ್ದರೆ ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಕೇಳಬಹುದು.