ನಾಪಾ ಕಣಿವೆಯ ಚಕ್ಕುಬಂದಿ

ನಮ್ಮ ಅಜ್ಜನ ಜಮೀನಿನ ಪತ್ರದಲ್ಲಿ ಚಕ್ಕುಬಂದಿ ಓದುವುದೇ ಒಂದು ಮಜಾ. ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಗಾಡಿದಾರಿ, ಉತ್ತರಕ್ಕೆ ಯಾರದೋ ಹೊಲ. ಕ್ಯಾಲಿಫೋರ್ನಿಯಾದ ವೈನ್ ಸೀಮೆ ನಾಪಾಕ್ಕೆ ಹೊರಡುವ ಹಿಂದಿನ ರಾತ್ರಿ ಸುಮ್ನೆ ಆ ಸೀಮೆಯ ಗಡಿ ಹೇಳುವ ಸರ್ಕಾರಿ ನಿಯಮ ತೆಗೆದು ನೋಡಿದೆ. ಅಲ್ಲೂ ಅದೇ ಧಾಟಿ! ಲೇಕ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಗಡಿ, ಪ್ಯೂಟಾ ತೊರೆ, ಬೆರ್ರಿಯೆಸ್ಸಾ ಸರೋವರದ ಪಶ್ಚಿಮ ಮತ್ತು ದಕ್ಷಿಣ ದಡ, ಸೊಲಾನೊ ಕೌಂಟಿಯ ಗಡಿ, ಕೊನೆಗೆ ಸೊನೊಮಾ ಕೌಂಟಿಯ ಗಡಿ. ಇದರೊಳಗೆ ಬೆಳೆದದ್ದು 'ನಾಪಾ ವ್ಯಾಲಿ' ದ್ರಾಕ್ಷಿ. ವೈನ್ ಬಾಟಲಿ ಮೇಲೆ ಆ ಹೆಸರು ಹಾಕಬೇಕಾದರೆ ಕನಿಷ್ಠ ಶೇಕಡಾ 85ರಷ್ಟು ದ್ರಾಕ್ಷಿ ಇಲ್ಲಿಯದೇ ಆಗಿರಬೇಕು.

ಈ ಗೆರೆಗೆ 1981ರಲ್ಲಿ ಒಪ್ಪಿಗೆ ಕೊಟ್ಟದ್ದು ಕೃಷಿ ಇಲಾಖೆಯಲ್ಲ. ಮದ್ಯ, ತಂಬಾಕು, ಬಂದೂಕು ಮೂರನ್ನೂ ನೋಡಿಕೊಳ್ಳುತ್ತಿದ್ದ ಇಲಾಖೆ. ಇದನ್ನು ಓದಿದ ಮೇಲೆ ವೈನ್ ರುಚಿಗಿಂತ ಗೆರೆ ಹುಡುಕುವ ಚಪಲವೇ ಜಾಸ್ತಿಯಾಯಿತು. ಹೆಂಡತಿಗೆ ಮಾತ್ರ ಹೇಳಲಿಲ್ಲ.

ಫ್ರೀಮಾಂಟ್‌ನಿಂದ ನಸುಕಿಗೇ ಹೊರಟೆವು. ಮೊದಲು ಸಿಕ್ಕಿದ್ದು ಕಾರ್ನೆರೋಸ್ ಎಂಬ ದ್ರಾಕ್ಷಿ ಸೀಮೆ. ಸ್ಯಾನ್ ಪಾಬ್ಲೊ ಕೊಲ್ಲಿಯಿಂದ ಬರುವ ಮಂಜು, ತಣ್ಣನೆ ಗಾಳಿ. ಮಗಳು ಕಾರಿಂದ ಇಳಿಯಲೇ ಇಲ್ಲ. ಈ ಪ್ರದೇಶ ನಾಪಾ, ಸೊನೊಮಾ ಎರಡೂ ಕೌಂಟಿಗಳಲ್ಲಿ ಹರಡಿದೆ. 1983ರಲ್ಲಿ ಇದರ ಗಡಿ ಹಾಕುವಾಗ ಕೌಂಟಿ ಗೆರೆ ಬಿಟ್ಟು ಹವೆ ನೋಡಿದರಂತೆ. ಶಾನುಭೋಗರ ಲೆಕ್ಕಕ್ಕಿಂತ ಗಾಳಿಯ ಲೆಕ್ಕ ವಾಸಿ ಅಲ್ವಾ?

29ನೇ ಹೆದ್ದಾರಿಯಲ್ಲಿ ಓಕ್‌ವಿಲ್ ಮುಗಿದು ರುದರ್‌ಫರ್ಡ್ ಶುರುವಾಗಿದ್ದು ಗೊತ್ತೇ ಆಗಲಿಲ್ಲ. ಎರಡೂ ನಾಪಾ ವ್ಯಾಲಿಯ ಒಳಗಿನ ಸಣ್ಣ ಸೀಮೆಗಳು. ಎರಡಕ್ಕೂ ಬೇರೆ ಬೇರೆ ಗಡಿ, ಎರಡೂ 1993ರವು. ನನ್ನ ಕಣ್ಣಿಗೆ ಕಂಡದ್ದು ಒಂದೇ ಸಾಲು ಬಳ್ಳಿ, ಒಂದೇ ಸಾಲು ಕಾರು.

ಸೇಂಟ್ ಹೆಲೆನಾದಿಂದ ಡೀರ್ ಪಾರ್ಕ್ ರಸ್ತೆ ಹಿಡಿದು ಹೋವೆಲ್ ಬೆಟ್ಟ ಹತ್ತಿದಾಗ ಆಟ ಶುರುವಾಯಿತು. ಈ ಬೆಟ್ಟದ ದ್ರಾಕ್ಷಿ ಸೀಮೆಯ ಗಡಿ ಹಳ್ಳವೂ ಅಲ್ಲ, ರಸ್ತೆಯೂ ಅಲ್ಲ. ಸಮುದ್ರಮಟ್ಟದಿಂದ 1400 ಅಡಿ ಎತ್ತರದ ಗೆರೆ! ಬೇಸಿಗೆಯ ರಾತ್ರಿ ಕಣಿವೆ ತುಂಬುವ ಮಂಜು ಸಾಮಾನ್ಯವಾಗಿ ಅದಕ್ಕಿಂತ ಕೆಳಗೇ ನಿಲ್ಲುತ್ತದೆ. ಮೇಲಿನ ತೋಟಗಳಿಗೆ ಬೆಳಗಿನಿಂದಲೇ ಬಿಸಿಲು, ರಾತ್ರಿ ಕಣಿವೆಗಿಂತ ಬೆಚ್ಚಗೆ. ಮಗಳು ಫೋನಿನಲ್ಲಿ ಎತ್ತರ ನೋಡಿ ಕೂಗುತ್ತಿದ್ದಳು. 1360... 1385... 1400! ಕಾರು ನಿಧಾನ ಮಾಡಿದೆ. ಒಂದು ತಿರುವು, ನಾಲ್ಕು ಮರ. ಬೋರ್ಡೂ ಇಲ್ಲ, ಗೂಟವೂ ಇಲ್ಲ. ಹಿಂದಿನ ಕಾರಿನವನು ಹಾರ್ನ್ ಹೊಡೆದ.

"ಇದಕ್ಕಾ ಇಷ್ಟು ದೂರ ಬಂದಿದ್ದು?" ಅಂದಳು ಹೆಂಡತಿ.

ಮೇಲೆ ಮಣ್ಣು ಕೆಂಪಗಿತ್ತು, ಥೇಟ್ ನಮ್ಮ ಕೋಲಾರದ ಕಡೆಯ ಹಾಗೆ. ಅದರ ಜೊತೆ ಜ್ವಾಲಾಮುಖಿ ಬೂದಿಯಿಂದಾದ ಬಿಳಿಚು ಕಲ್ಲು. ಇಲ್ಲಿನ ಆಂಗ್ವಿನ್ ಊರಿನ ತಮಾಷೆಯೇ ಬೇರೆ. 1909ರಲ್ಲಿ ಅಡ್ವೆಂಟಿಸ್ಟ್ ಕ್ರೈಸ್ತರು ತಮ್ಮ ಕಾಲೇಜನ್ನು ಇಲ್ಲಿಗೆ ತಂದರು. ಅವರ ಪಂಥದಲ್ಲಿ ಮದ್ಯ ನಿಷಿದ್ಧ, ಸಸ್ಯಾಹಾರಿಗಳೂ ಬಹಳ. ಸುತ್ತ ದುಬಾರಿ ದ್ರಾಕ್ಷಿ, ನಡುವೆ ಕುಡಿಯದವರ ಊರು.

ಬೆಟ್ಟ ಇಳಿದು ಆ ಬದಿಯ ಪೋಪ್ ಕಣಿವೆಗೆ ಬಂದರೆ ಧಗೆ. ಇಲ್ಲಿಯ ನೀರು ನಾಪಾ ನದಿಗೆ ಹರಿಯುವುದೇ ಇಲ್ಲ, ಪ್ಯೂಟಾ ತೊರೆಯ ಕಡೆ ಹೋಗುತ್ತದೆ. ಆದರೂ ಕಾನೂನಿನಲ್ಲಿ ಇದು 'ನಾಪಾ ವ್ಯಾಲಿ'. ನಮ್ಮ ದ್ರಾಕ್ಷಿಯನ್ನು ಎಷ್ಟೋ ವರ್ಷಗಳಿಂದ ನಾಪಾದ್ದೆಂದೇ ಕೊಳ್ಳುತ್ತಿದ್ದಾರೆ ಎಂಬ ಬೆಳೆಗಾರರ ವಾದ ಗೆದ್ದಿತ್ತು. ಬೆಳೆಗಾರರ ಹೊಟ್ಟೆಪಾಡು ಅರ್ಥವಾಗುತ್ತದೆ. ಆದರೆ ಬೆಟ್ಟದ ಆಚೆಗಿನದನ್ನೂ ಅದೇ ಕಣಿವೆ ಅನ್ನುವುದು ನನಗೇಕೋ ಒಗ್ಗಲಿಲ್ಲ.

ಸಂಜೆ ಬೆರ್ರಿಯೆಸ್ಸಾ ತಲುಪಿದೆವು. 1957ರಲ್ಲಿ ಮುಗಿದ ಅಣೆಕಟ್ಟಿನ ನೀರು ಇದು. ಮಾಂಟಿಸೆಲೊ ಎಂಬ ಊರಿದ್ದ ಜಾಗ ಇದರ ತಳದಲ್ಲಿದೆ. ನಾವು ನಿಂತದ್ದು ಪಶ್ಚಿಮ ದಡ, ಅಂದರೆ ಗೆರೆಯ ಮೇಲೆಯೇ. ಮಗಳಿಗೆ ಆಗಲೇ ಹುಚ್ಚು ಹತ್ತಿತ್ತು. ಚಪ್ಪಲಿ ಕಳಚಿ ಒಂದು ಕಾಲು ನೀರಿಗೆ ಇಟ್ಟಳು.

"ಅಪ್ಪಾ, ಈ ಕಾಲು ನಾಪಾ ಅಲ್ಲ!"

ಹೆಂಡತಿ ಟವೆಲ್ ಹುಡುಕಲು ಕಾರಿನ ಕಡೆ ಹೋದಳು.