ಓಟಿಪಿ ಅಪ್ಪನ ಫೋನಿಗೆ ಹೋಯಿತು

5 ಏಪ್ರಿಲ್ 2025, ಶನಿವಾರ

ರಜೆಯಲ್ಲಿ ದಿನಕ್ಕೊಂದು ಪುಟ ಬರೆಯಬೇಕು, ಅದೂ ಆಡುಮಾತಿನಲ್ಲಲ್ಲ, ಪುಸ್ತಕದ ಕನ್ನಡದಲ್ಲಿ ಬರೆಯಬೇಕು ಎಂದು ನಮ್ಮ ಕನ್ನಡ ಉಪನ್ಯಾಸಕರು ಹೇಳಿದ್ದಾರೆ. ಹತ್ತು ದಿನ ಬರೆಯಲು ವಿಷಯವೇ ಸಿಕ್ಕಿರಲಿಲ್ಲ. ಇಂದು ಸಿಕ್ಕಿದ ವಿಷಯ ಬೇರೆ ಯಾರದಾದರೂ ಆಗಿದ್ದರೆ ಚೆನ್ನಾಗಿತ್ತು.

ಬೆಳಿಗ್ಗೆ ಹನ್ನೊಂದರ ಸುಮಾರಿಗೆ ನಾನು ಕಾರಟಗಿಯ ಆನ್‌ಲೈನ್ ಸೆಂಟರಿನಲ್ಲಿ, ಮನೆಯಲ್ಲಿ ಯಾರಿಗೂ ಹೇಳದೆ, ಸೇನೆಯ ನಾಲ್ಕು ವರ್ಷದ ನೌಕರಿಗೆ ಅಗ್ನಿವೀರ ಅರ್ಜಿ ಹಾಕಲು ಕುಳಿತಿದ್ದೆ. ಕೊನೆಯ ದಿನ 10ನೇ ತಾರೀಖು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಫೋಟೊ ಮತ್ತು 250 ರೂಪಾಯಿ ಪರೀಕ್ಷಾ ಶುಲ್ಕವನ್ನು ನಾಲ್ಕು ದಿನ ಮೊದಲೇ ಹೊಂದಿಸಿ ಇಟ್ಟುಕೊಂಡಿದ್ದೆ. ಇಷ್ಟೆಲ್ಲ ಲೆಕ್ಕ ಹಾಕಿದವನಿಗೆ ಒಂದು ಮಾತು ಮಾತ್ರ ಹೊಳೆದಿರಲಿಲ್ಲ. ನನ್ನ ಆಧಾರ್‌ಗೆ ಜೋಡಿಸಿರುವುದು ಅಪ್ಪನ ಮೊಬೈಲ್ ಸಂಖ್ಯೆ, ಓಟಿಪಿ ಹೋಗುವುದು ಅವನ ಫೋನಿಗೆ.

ಬೇರೆ ದಾರಿಯಿರಲಿಲ್ಲ, ಫೋನ್ ಮಾಡಿದೆ. ಬೇಸಿಗೆ ಬೆಳೆಯ ನೀರು ಮುಗಿಯುತ್ತ ಬಂದಿದೆ. ನಮ್ಮ ಉಪಕಾಲುವೆಯ ಕೊನೆಯ ಹೊಲಗಳಿಗೆ ಅದು ಬಂದರೆ ಬಂತು, ಇಲ್ಲವಾದರೆ ಇಲ್ಲ. ಹೀಗಾಗಿ ಅಪ್ಪ ಬೆಳಗಿನ ಜಾವದಿಂದ ತೂಬಿನ ಹತ್ತಿರವೇ ಕುಳಿತಿದ್ದ. ಕಳೆದ ವರ್ಷ ನಮ್ಮ ಓಣಿಯವರೊಬ್ಬರು ಯಾರಿಗೋ ಓಟಿಪಿ ಹೇಳಿ 18 ಸಾವಿರ ಕಳೆದುಕೊಂಡ ಮೇಲೆ ಅಪ್ಪ ಹಾವಿಗಿಂತ ಓಟಿಪಿಗೆ ಹೆಚ್ಚು ಅಂಜುತ್ತಾನೆ.

“ಏನೋ ನಂಬರ್ ಬಂದೈತಿ ತಮ್ಮಾ. ಇದನ್ನ ಯಾರಿಗೂ ಹೇಳಬಾರದಲ್ಲ? ಯಾತರದಿದು?”

“ಮಿಲಿಟರಿ ಅರ್ಜಿದು, ಅಪ್ಪಾ.”

ಆ ಕಡೆಯಿಂದ ನೀರು ಹರಿಯುವ ಸದ್ದು ಮಾತ್ರ ಕೇಳುತ್ತಿತ್ತು. ಅವನು ಸಂಖ್ಯೆ ಹೇಳುವ ಹೊತ್ತಿಗೆ ಓಟಿಪಿಯ ಸಮಯ ಮುಗಿದಿತ್ತು. ಮತ್ತೊಂದನ್ನು ತರಿಸಲೇ ಎಂದು ಸೆಂಟರಿನ ಅಣ್ಣ ಕೇಳಿದರು. ಬೇಡವೆಂದು ಎದ್ದು ಬಂದೆ.

ರಾತ್ರಿ ಊಟವಾದ ಮೇಲೆ ಅಪ್ಪ ಬೈಯುವನೆಂದು ಕಾದೆ. ಬೈಯಲಿಲ್ಲ. ಲೆಕ್ಕ ಕೇಳಿದ. ನನಗೆ ಎಲ್ಲವೂ ಬಾಯಿಪಾಠವಾಗಿತ್ತು. ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ ಸಂಬಳ. ಅದರಲ್ಲಿ ನೂರಕ್ಕೆ 30ರಷ್ಟನ್ನು ಸೇವಾ ನಿಧಿಗೆ ಹಿಡಿದು 21,000 ಕೈಗೆ ಕೊಡುತ್ತಾರೆ. ನಾಲ್ಕನೆಯ ವರ್ಷಕ್ಕೆ ಸಂಬಳ 40,000, ಕೈಗೆ 28,000. ನಾಲ್ಕು ವರ್ಷದಲ್ಲಿ ಹಿಡಿದದ್ದು 5 ಲಕ್ಷ 2 ಸಾವಿರವಾಗುತ್ತದೆ, ಸರ್ಕಾರವೂ ಅಷ್ಟೇ ಸೇರಿಸುತ್ತದೆ, ಬಿಡುಗಡೆಯಾಗುವಾಗ ಬಡ್ಡಿ ಬಿಟ್ಟು 10 ಲಕ್ಷ 4 ಸಾವಿರ ಬರುತ್ತದೆ. ಅವ್ವ ಪಾತ್ರೆ ತಿಕ್ಕುವುದನ್ನು ನಿಲ್ಲಿಸಿ ಕೇಳುತ್ತಿದ್ದಳು. ನಾವು ಮಾಡುತ್ತಿರುವುದು ನಾಲ್ಕು ಎಕರೆ ಗುತ್ತಿಗೆಯ ಗದ್ದೆ. ಎಕರೆಗೆ 12 ಚೀಲ ಭತ್ತ ಹೊಲದ ಮಾಲೀಕರಿಗೆ ಹೋಗಬೇಕು, ಗೊಬ್ಬರದ ಅಂಗಡಿಯ ಬಾಕಿ ಬೇರೆ, ಅಕ್ಕನ ಮದುವೆಯ ಸಾಲ ಬೇರೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ಎರಡನೇ ಬೆಳೆಯ ಆಸೆಯನ್ನೇ ಬಿಟ್ಟು ಕುಳಿತಿದ್ದ ಮನೆಯಲ್ಲಿ 21,000 ಎಂಬ ಅಂಕಿ ಎಷ್ಟು ದೊಡ್ಡದಾಗಿ ಕೇಳಿಸುತ್ತದೆ ಎಂಬುದು ನನಗೂ ತಿಳಿದಿತ್ತು. ನಿಜ ಹೇಳಬೇಕೆಂದರೆ, ಹಾಗೆ ಕೇಳಿಸಲೆಂದೇ ಮೊದಲು ಅದನ್ನು ಹೇಳಿದ್ದೆ.

“ನಾಕು ವರ್ಷಕ್ಕ ಮನಿಗೆ ಕಳಿಸ್ತಾರಂತಲ್ಲ?”

ನಾಲ್ವರಲ್ಲಿ ಒಬ್ಬರನ್ನು ಉಳಿಸಿಕೊಳ್ಳುತ್ತಾರೆ ಎಂದೆ. ಉಳಿದವರಿಗೆ ಪಿಂಚಣಿ ಇಲ್ಲ, ಮಾಜಿ ಸೈನಿಕ ಎನ್ನುವ ಸ್ಥಾನವೂ ಇಲ್ಲ ಎಂಬುದನ್ನು ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಅಗ್ನಿವೀರ ಯೋಜನೆ ಘೋಷಣೆಯಾದದ್ದು 2022ರ ಜೂನ್‌ನಲ್ಲಿ. ಮೊದಲ ತಂಡದ ನಾಲ್ಕು ವರ್ಷ 2026ರ ಕೊನೆಗೆ ಮುಗಿಯುತ್ತದೆ. ಹೊರಬಂದವರು ಏನಾದರು ಎಂದು ನೋಡಿ ಕಲಿಯಲು ಇನ್ನೂ ಯಾರೂ ಹೊರಬಂದಿಲ್ಲ.

ಕಡೆಗೆ ನಾನೇ ಕೇಳಿದೆ, ನೀನು ಏನನ್ನುತ್ತಿ ಎಂದು. ಅಪ್ಪ ಟವೆಲ್ ಝಾಡಿಸಿ ಹೆಗಲಿಗೆ ಹಾಕಿಕೊಂಡ. “ನಾ ಬ್ಯಾಡ ಅಂದ್ರ ನಿನಗ ಹಗುರಾಕ್ಕತಿ” ಎಂದು ಹೇಳಿ ರಾತ್ರಿಯ ನೀರು ಕಾಯಲು ಹೋಗಿಬಿಟ್ಟ.

6 ಏಪ್ರಿಲ್ 2025, ಭಾನುವಾರ

ರಾಮನವಮಿ. ಗೆಳೆಯರು ಅಂಜನಾದ್ರಿಗೆ ಹೋದರು. 575 ಮೆಟ್ಟಿಲನ್ನು ಓಡಿ ಹತ್ತಿದರೆ ಉಸಿರು ಬಲಿಯುತ್ತದೆ ಎಂಬುದು ಅವರ ನಂಬಿಕೆ. ನಾನು ಹೋಗದೆ ಕಾಲುವೆ ದಂಡೆಯ ಮೇಲೆ ಒಬ್ಬನೇ ಓಡಿದೆ. 1.6 ಕಿ.ಮೀ. ದೂರವನ್ನು 5 ನಿಮಿಷ 30 ಸೆಕೆಂಡಿನೊಳಗೆ ಓಡಿದರೆ ಪೂರ್ಣ 60 ಅಂಕ ಸಿಗುತ್ತದೆ. ನನಗೆ ಹಿಡಿದದ್ದು 5 ನಿಮಿಷ 52 ಸೆಕೆಂಡು. ಎತ್ತರ 166 ಸೆಂ.ಮೀ. ಇರಬೇಕು, ನನ್ನದು ಸಾಕಾಗುತ್ತದೆ. ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತು ಅವ್ವನ ಕೈಯಿಂದ ಪೆನ್ಸಿಲ್ ಗೆರೆ ಹಾಕಿಸಿದ್ದೇನೆ. ಗೆರೆ ಏತಕ್ಕೆಂದು ಆಗ ಅವಳಿಗೆ ಗೊತ್ತಿರಲಿಲ್ಲ.

ಅಪ್ಪ ಹೇಳಿದ ಮಾತು ಓಡುವಾಗಲೂ ಬಿಡಲಿಲ್ಲ. ಅವನು ಬೇಡವೆಂದಿದ್ದರೆ ನಾನು ಎರಡು ದಿನ ಮುನಿಸಿಕೊಂಡು, ಜೂನ್‌ನಲ್ಲಿ ದ್ವಿತೀಯ ಪಿಯುಸಿ ತರಗತಿಗೆ ಹೋಗಿ ಕುಳಿತು, ಲೆಕ್ಕಶಾಸ್ತ್ರ ತಲೆಗೆ ಹತ್ತದಾಗಲೆಲ್ಲ ‘ಅಪ್ಪ ಕಳಿಸಲಿಲ್ಲ’ ಎಂದು ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಆ ಓಟಿಪಿ ಅವನ ಫೋನಿಗೆ ಹೋಗುತ್ತದೆಂದು ನನಗೆ ನಿಜವಾಗಿಯೂ ಹೊಳೆದಿರಲಿಲ್ಲವೇ ಎಂದು ಈಗ ಅನುಮಾನ ಬರುತ್ತಿದೆ.

ಮಧ್ಯಾಹ್ನ ಕನ್ನಡ ಉಪನ್ಯಾಸಕರಿಗೆ ಫೋನ್ ಮಾಡಿದೆ. ಈ ಬಾರಿ ಆಯ್ಕೆಯಾದರೆ ಹೊರಡಬೇಕಾಗಿ ಬರುವುದು ದ್ವಿತೀಯ ಪಿಯುಸಿಯ ನಡುವೆ. ವಯಸ್ಸಿನ ಮಿತಿ 21 ಇರುವಾಗ, ಹದಿನೇಳರಲ್ಲಿ ಓಡುವುದು ಯಾಕೆ ಎಂದು ಕೇಳಿದರು. ಹತ್ತನೆಯ ತರಗತಿ ಪಾಸಾಗಿ ಸೇರಿದವರಿಗೆ ಮುಕ್ತ ಶಾಲೆಯ ಮೂಲಕ ಹನ್ನೆರಡನೆಯ ತರಗತಿಯ ಪ್ರಮಾಣಪತ್ರ ಕೊಡಿಸುತ್ತಾರೆ ಎಂದೆ. ಪ್ರಮಾಣಪತ್ರ ಬೇರೆ, ಓದು ಬೇರೆ ಎಂದರು. ಪಿಯುಸಿ ಮುಗಿಸಿದರೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ (ಎನ್‌ಡಿಎ) ಪ್ರವೇಶ ಪರೀಕ್ಷೆ ಬರೆಯಬಹುದು, ಭೂಸೇನೆಯ ವಿಭಾಗಕ್ಕೆ ವಾಣಿಜ್ಯದವರೂ ಅರ್ಹರು ಎಂಬುದನ್ನೂ ತಿಳಿಸಿದರು. ಅದು ನನಗೆ ಹೊಸ ವಿಷಯ. ಆದರೆ ಆ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ. ಅಗ್ನಿವೀರ ಪರೀಕ್ಷೆಯನ್ನು ಈ ವರ್ಷ ಕನ್ನಡದಲ್ಲಿ ಬರೆಯಬಹುದು. ಸರ್‌ಗೆ ಇದನ್ನು ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದೇನೋ ಖರೆ” ಎಂದರು.

ಬೆಳಗಾವಿಯ ಮರಾಠಾ ಲಘು ಪದಾತಿದಳದಲ್ಲಿ ತರಬೇತಿ ಮುಗಿಸಿದ ನಮ್ಮೂರಿನ ಅಣ್ಣನೊಬ್ಬರು ಕಳೆದ ದೀಪಾವಳಿಗೆ ರಜೆಯ ಮೇಲೆ ಬಂದಿದ್ದರು. ಅಗ್ನಿವೀರರಿಗೆ ವರ್ಷಕ್ಕೆ 30 ದಿನ ರಜೆ. ಬೂಟು ಹೊಳೆಯುತ್ತಿತ್ತು, ಊರೇ ಅವರನ್ನು ಸುತ್ತಿಕೊಂಡಿತ್ತು. ನನಗೆ ನೆನಪಿರುವುದು ಅದಲ್ಲ. ಅವರ ಮನೆಯಲ್ಲಿ ಎಲ್ಲರೂ ಎದ್ದು ಓಡಾಡುವ ಹೊತ್ತಿನಲ್ಲೂ ಅವರು ಹಗಲೆಲ್ಲ ಮಲಗಿರುತ್ತಿದ್ದರು, ಯಾರೂ ಎಬ್ಬಿಸುತ್ತಿರಲಿಲ್ಲ. ಒಂದೇ ಕೋಣೆಯಲ್ಲಿ ನಾಲ್ವರು ಮಲಗುವ ಮನೆಯ ಹುಡುಗ ಅದನ್ನು ಎಷ್ಟು ಆಸೆಯಿಂದ ನೋಡಿದನೆಂದು ಯಾವ ಅರ್ಜಿಯಲ್ಲೂ ಬರೆಯಲು ಜಾಗವಿಲ್ಲ.

9 ಏಪ್ರಿಲ್ 2025, ಬುಧವಾರ

ಅರ್ಜಿ ಹಾಕಿದೆ.

ಬೆಳಿಗ್ಗೆ ಅಪ್ಪನಿಗೆ ಇಷ್ಟು ಹೇಳಿದೆ: ಅರ್ಜಿ ಹಾಕುವುದು ಬೇರೆ, ಹೋಗುವುದು ಬೇರೆ. ಮೊದಲು ಲಿಖಿತ ಪರೀಕ್ಷೆ, ಅದು ಪಾಸಾದರೆ ಓಟ ಮತ್ತು ವೈದ್ಯಕೀಯ ತಪಾಸಣೆ. ಅಷ್ಟರಲ್ಲಿ ಕಾಲೇಜು ತೆರೆದಿರುತ್ತದೆ, ನಾನು ಪ್ರವೇಶ ಪಡೆದು ಹೋಗುತ್ತಿರುತ್ತೇನೆ. ನನಗೆ ಹದಿನೆಂಟು ತುಂಬುವುದು ಬರುವ ಫೆಬ್ರವರಿಯಲ್ಲಿ. ಅದಕ್ಕೂ ಮೊದಲೇ ಸೇರುವುದಾದರೆ ಸೇರ್ಪಡೆ ಪತ್ರಕ್ಕೆ ತಂದೆ ಅಥವಾ ತಾಯಿಯ ಸಹಿ ಬೇಕಾಗುತ್ತದೆ. ಅವನು ಏನನ್ನುವನೋ ಎಂಬುದರ ಹಿಂದೆ ಅವಿತುಕೊಳ್ಳದೆ, ಹೋಗುತ್ತೇನೆ ಅಥವಾ ಹೋಗುವುದಿಲ್ಲ ಎಂದು ಮೊದಲು ನಾನು ಹೇಳುತ್ತೇನೆ, ಆಮೇಲೆ ಸಹಿ ಕೇಳುತ್ತೇನೆ. ಇವತ್ತಿಗೆ ನನ್ನ ಮನಸ್ಸು ಅರ್ಧ ಆ ಕಡೆ, ಅರ್ಧ ಈ ಕಡೆ ಇದೆ, ಅದನ್ನೂ ಹೇಳಿದೆ. ಅವ್ವ ಅಲ್ಲಿಯೇ ಇದ್ದಳು. ನಾಟಿಯ ಕೆಲಸಕ್ಕೆ ಹೋಗಿ ಹೋಗಿ ಒಡೆದ ಹಿಮ್ಮಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದವಳು, “ಬಾರ್ಡರಿಗೆ ಹಾಕ್ತಾರೇನು?” ಎಂದು ಮಾತ್ರ ಕೇಳಿದಳು. ಹಾಕಬಹುದು ಎಂದೆ.

ಅಪ್ಪ ತನ್ನ ಫೋನನ್ನು ಅಂಗಿಯ ಜೇಬಿನಿಂದ ತೆಗೆದು ನನ್ನ ಕೈಗೆ ಕೊಟ್ಟ. ನೀರು ಬಿಡುವ ಸುದ್ದಿ ಅದೇ ಫೋನಿಗೆ ಬರಬೇಕಾಗಿದ್ದರಿಂದ ನಾನು ಕಾರಟಗಿಗೆ ಹೋಗಿ ಬರುವವರೆಗೂ ಅವನು ತೂಬಿನ ಹತ್ತಿರದಿಂದ ಏಳಲಿಲ್ಲವಂತೆ. ಈ ಸಲ ಓಟಿಪಿ ಎರಡು ಸೆಕೆಂಡಿನಲ್ಲಿ ಬಂತು. ಪರೀಕ್ಷೆಯ ಭಾಷೆ ಎಂದಿದ್ದಲ್ಲಿ ಕನ್ನಡ ಎಂದು ಒತ್ತಿಸಿದೆ. ಶುಲ್ಕ 250, ಸೆಂಟರಿನವರಿಗೆ 50.

ಮಧ್ಯಾಹ್ನ ಹೊಲಕ್ಕೆ ಹೋಗಿ ಫೋನು ಮತ್ತು ರಸೀದಿ ಎರಡನ್ನೂ ಕೊಟ್ಟೆ. ಅಪ್ಪ ಕೈ ಒರೆಸಿಕೊಂಡು ರಸೀದಿಯನ್ನು ತಿರುಗಿಸಿ ಮುರುಗಿಸಿ ನೋಡಿದ.

“ನೀ ಹೋಗಲಿಲ್ಲಂದ್ರ ಈ ರೊಕ್ಕ ವಾಪಸ್ ಕೊಡ್ತಾರೇನು?”

ಇಲ್ಲ ಎಂದೆ.

“ಹಂಗಾದ್ರ ಪರೀಕ್ಷಾ ಛಲೋ ಬರಿ” ಎಂದು ಹೇಳಿ, ರಸೀದಿಯನ್ನು ಗೊಬ್ಬರದ ಅಂಗಡಿಯ ಚೀಟಿಗಳಿರುವ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಂಡ.